ಕೈ ಕೊಟ್ಟರೆ ಮಾತ್ರ ಜೋಡಿ

ಮೈಸೂರಿನ ಗರಡಿಯೊಂದರಲ್ಲಿ 18 ವರ್ಷ ಮಟ್ಟಿಗೆ, ಅಂದರೆ ಕುಸ್ತಿ ಆಡುವ ಮಣ್ಣಿನ ಅಖಾಡಕ್ಕೆ, ಇಳಿದವನು ನಾನು. ಈಗ ಮೊಣಕಾಲು ಕೇಳುವುದಿಲ್ಲ. ಹಾಗಾಗಿ ಯಾರ ಎದುರು ಯಾರು ಆಡಬೇಕು ಅಂತ ಹುಡುಗರಿಗೆ ಜೋಡಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇಬ್ಬರನ್ನೂ ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸುತ್ತೇನೆ. ಕತ್ತು, ಮಣಿಕಟ್ಟು, ತೊಡೆ ನೋಡುತ್ತೇನೆ. ತೂಕದ ಮಿಷನ್ ಇದೆ, ಆದರೂ ನನಗೆ ಕಣ್ಣಿನ ಮೇಲೇ ನಂಬಿಕೆ ಜಾಸ್ತಿ. ಇಷ್ಟೆಲ್ಲ ಮಾಡಿದರೂ ಕೊನೆ ಮಾತು ನನ್ನದಲ್ಲ. ಇಬ್ಬರೂ ಒಪ್ಪಿ ಒಬ್ಬರಿಗೊಬ್ಬರು ಕೈ ಕೊಡಬೇಕು. ಒಬ್ಬ ಕೈ ಹಿಂದಕ್ಕೆ ಎಳೆದುಕೊಂಡರೆ ಜೋಡಿ ಇಲ್ಲ. ಗರಡಿಯ ಗುರು, ಉಸ್ತಾದರು ಹೇಳಿದರೂ ಇಲ್ಲ.

ಒಂದು ಸಲ ನಾಡಕುಸ್ತಿಗೆ ಜೋಡಿ ಕಟ್ಟುವಾಗ ಊರಿನ ದೊಡ್ಡವರೊಬ್ಬರು ಪಕ್ಕಕ್ಕೆ ಕರೆದರು. "ನಮ್ಮ ಹುಡುಗನಿಗೆ ಸ್ವಲ್ಪ ತೆಳ್ಳಗಿರೋನ್ನ ನೋಡಪ್ಪ" ಅಂದರು. ಖರ್ಚಿಗೆ ಜಾಸ್ತಿ ದುಡ್ಡು ಕೊಟ್ಟಿದ್ದವರು ಅವರೇ. ನಾನು ತಲೆ ಆಡಿಸಿಬಿಟ್ಟೆ. ನಿಜ ಹೇಳಬೇಕಂದ್ರೆ, ಹೆದರಿದ್ದೆ. ನಮ್ಮ ಗರಡಿಯ 13 ವರ್ಷದ ಸಣಕಲ ಹುಡುಗನನ್ನೇ ತಂದು ನಿಲ್ಲಿಸಿದೆ. ಅವನು ಎದುರಿನವನ ತೋಳು ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಇದು ಜೋಡಿ ಅಲ್ಲ ಅಣ್ಣಾ" ಅಂದ. ಕೈ ಕೊಡಲಿಲ್ಲ. ಸುತ್ತ ನಿಂತವರು ಯಾರೂ ಅವನನ್ನು ಗದರಲಿಲ್ಲ. ನನ್ನ ಕಿವಿ ಮಾತ್ರ ಬಿಸಿಯಾಗಿತ್ತು.

ರಾಜಕೀಯ ಅಂದರೆ ಏನು ಅಂತ ನನಗೆ ಸ್ವಲ್ಪ ತಿಳಿದಿದ್ದು ಅವತ್ತು. ಮೈಸೂರಿನ ಗರಡಿಗಳನ್ನು ಸಾಕಿದ್ದು ಅರಸರು, ಸುಳ್ಳಲ್ಲ. ವಿಜಯದಶಮಿಯಂದು ಅರಮನೆಯಲ್ಲಿ ಈಗಲೂ ವಜ್ರಮುಷ್ಟಿ ಕಾಳಗ ಇದೆ, ಮುಷ್ಟಿಯಲ್ಲಿ ಮೊನೆಯ ಆಯುಧ ಹಿಡಿದು ಆಡುವುದು. ಜಟ್ಟಿಗಳು ತಲೆ ಬೋಳಿಸಿಕೊಂಡು ಬರುತ್ತಾರೆ, ರಕ್ತ ಕಂಡ ಕೂಡಲೇ ಬಿಡಿಸುತ್ತಾರೆ. ಅದು ಅರಸರ ಎದುರು ನಡೆಯುವ ಸೇವೆ. ಆದರೆ ದಿನಾ ಬೆಳಿಗ್ಗೆ ಮಟ್ಟಿಯಲ್ಲಿ ನಡೆಯುವುದರ ರೀತಿಯೇ ಬೇರೆ. ಮಣ್ಣು ಅಗೆಯುವ ಸರದಿ ಉಸ್ತಾದರ ಮಗನಿಗೂ ಉಂಟು. ಕತ್ತು ಇನ್ನೊಬ್ಬನ ಕಂಕುಳಲ್ಲಿ ಸಿಕ್ಕಿಕೊಂಡಾಗ ಅವನ ಜಾತಿ ಯಾರು ಕೇಳ್ತಾರೆ? ಹೊರಗೆ ಬಂದು ಟೀ ಕುಡಿಯುವಾಗ ಕೇಳ್ತಾರೆ, ಅದೂ ನೋಡಿದ್ದೇನೆ.

ಕಳೆದ ವರ್ಷದಿಂದ ಇಬ್ಬರು ಹುಡುಗಿಯರು ಬರುತ್ತಿದ್ದಾರೆ. ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ಇದೆ, ಆದರೆ ನಮ್ಮ ಮಟ್ಟಿಗೆ ಅವರು ಇಳಿಯುವಂತಿಲ್ಲ ಅಂತ ಹಿರಿಯರ ಹಟ. ಜಗಳ ಆಡಿದೆ, ಸೋತೆ. ಅಂಗಳದಲ್ಲಿ ಮ್ಯಾಟ್ ಹಾಸಿಕೊಟ್ಟಿದ್ದೇನೆ. ಒಬ್ಬಳು 45 ಕೆಜಿ, ಇನ್ನೊಬ್ಬಳು 58. ಬೇರೆ ಜೋಡಿ ಸಿಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಸಣ್ಣವಳು ದಿನಾ ತಾನೇ ಮೊದಲು ಕೈ ಚಾಚುತ್ತಾಳೆ. ಆಗ ನಾನು ಸುಮ್ನೆ ಬೇರೆ ಕಡೆ ನೋಡುತ್ತೇನೆ.