ವಿಕಿಪೀಡಿಯದಲ್ಲಿ ಬರೆಯುವ ಮುನ್ನ: ಮಾತು ಯಾರದು, ಹಿತ ಯಾರದು?

ವಿಕಿಪೀಡಿಯದಂತಹ ಸಾಮೂಹಿಕ ವಿಶ್ವಕೋಶಕ್ಕೆ ಹೊಸಬರು ಶ್ರದ್ಧೆಯಿಂದ ಬರೆದುಕೊಟ್ಟ ಲೇಖನ ಕೆಲವೊಮ್ಮೆ ಮರುದಿನವೇ ಅಳಿಸಿಹೋಗಿರುತ್ತದೆ. ಕಾಗುಣಿತ ತಪ್ಪಿದ್ದರೆ ಯಾರಾದರೂ ತಿದ್ದುತ್ತಾರೆ. ಆದರೆ ಬೇರೆಯವರ ವಾಕ್ಯಗಳನ್ನು ಎತ್ತಿ ತಂದದ್ದನ್ನು ಯಾರೂ ಉಳಿಸಿಕೊಡಲಾರರು. ತಮ್ಮವರ ಬಗ್ಗೆ, ಆ ಸಂಬಂಧವನ್ನು ಹೇಳದೆ ಬರೆದದ್ದಂತೂ ಸಂಶಯಕ್ಕೆ ಒಳಗಾಗದೆ ಇರುವುದಿಲ್ಲ. ಎರಡನ್ನೂ ತಪ್ಪಿಸುವ ದಾರಿ ಒಂದೇ. ‘ಬದಲಾವಣೆಗಳನ್ನು ಪ್ರಕಟಿಸಿ’ ಎಂಬ ಗುಂಡಿಯನ್ನು ಒತ್ತುವ ಮೊದಲು, ಈ ಮಾತುಗಳು ಯಾರವು, ಈ ವಿಷಯಕ್ಕೂ ನನಗೂ ಏನು ಸಂಬಂಧ ಎಂದು ಕೇಳಿಕೊಂಡು, ಉತ್ತರವನ್ನು ಉಳಿದವರಿಗೂ ಕಾಣುವಂತೆ ಬರೆದಿಡಬೇಕು.

ಮೊದಲು ಖಾತೆ ತೆರೆಯಿರಿ. ಸ್ವಂತ ಹೆಸರಾಗಲಿ, ಕಾವ್ಯನಾಮವಾಗಲಿ, ಅದು ಒಬ್ಬ ವ್ಯಕ್ತಿಯ ಖಾತೆಯಾಗಿರಲಿ. ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆದು ಕಚೇರಿಯವರೆಲ್ಲ ಬಳಸುವುದನ್ನು ಇಂಗ್ಲಿಷ್ ವಿಕಿಪೀಡಿಯ ಒಪ್ಪುವುದಿಲ್ಲ.

ಆಮೇಲೆ, ಆ ಗುಂಡಿಯನ್ನು ಒತ್ತಿದಾಗ ನೀವು ಏನನ್ನು ಕೊಡುತ್ತಿದ್ದೀರಿ ಎಂಬುದನ್ನು ತಿಳಿದುಕೊಳ್ಳಿ. ನೀವು ಬರೆದದ್ದರ ಹಕ್ಕುಸ್ವಾಮ್ಯ ನಿಮ್ಮಲ್ಲಿಯೇ ಉಳಿಯುತ್ತದೆ. ಆದರೆ ‘ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0’ ಪರವಾನಗಿಯಡಿ, ಕರ್ತೃಗಳನ್ನು ಹೆಸರಿಸಿ, ತಾನು ಮಾಡಿದ ಬದಲಾವಣೆಯನ್ನೂ ಅದೇ ಪರವಾನಗಿಯಲ್ಲಿ ಹಂಚುವ ಯಾರೇ ಆದರೂ ಅದನ್ನು ಮಾರಾಟಕ್ಕೂ ಸೇರಿದಂತೆ ಬಳಸಬಹುದೆಂದು ನೀವು ಒಪ್ಪಿರುತ್ತೀರಿ. ಈ ಅನುಮತಿಯನ್ನು ಮುಂದೆ ಹಿಂಪಡೆಯಲು ಬರುವುದಿಲ್ಲ. ಹಕ್ಕುಸ್ವಾಮ್ಯದ ವಿಚಾರದಲ್ಲಿ ಇಷ್ಟೊಂದು ಬಿಗಿ ಏಕೆಂಬುದು ಇಲ್ಲಿಯೇ ತಿಳಿಯುತ್ತದೆ: ನಮ್ಮದಲ್ಲದ್ದನ್ನು ನಾವು ದಾನ ಮಾಡುವಂತಿಲ್ಲ.

ಇನ್ನು ಆಕರಗಳಿಂದ ಬರೆಯುವ ಕೆಲಸ. ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ಮಾತಿಗೆ ಇದೆ. ಕೇಳಲು ಸುಲಭವಾದರೂ ಬಹಳ ಜನ ಎಡವುವುದು ಇಲ್ಲಿಯೇ. ಒಂದು ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳಿ: “ಕಪ್ಪು ಬಟ್ಟೆಯಂತೆ ಹರಡಿದ ಇರುಳಿನಲ್ಲಿ ಮಿಂಚುಹುಳು ತನ್ನ ಹೊಟ್ಟೆಯ ತಣ್ಣನೆಯ ಬೆಳಕಿನಿಂದ ಸಂಗಾತಿಯನ್ನು ಕರೆಯುತ್ತದೆ.” ಇದನ್ನು “ಕರಿ ವಸ್ತ್ರದ ಹಾಗೆ ಹಬ್ಬಿದ ರಾತ್ರಿಯಲ್ಲಿ ಮಿಂಚುಹುಳು ತನ್ನ ಉದರದ ಶೀತಲ ಪ್ರಕಾಶದಿಂದ ಜೊತೆಗಾತಿಯನ್ನು ಆಹ್ವಾನಿಸುತ್ತದೆ” ಎಂದು ಬದಲಿಸಿದರೆ ಪದಗಳು ಬಹುತೇಕ ಬೇರೆಯಾದವು, ವಾಕ್ಯ ಮಾತ್ರ ಆ ಲೇಖಕರದೇ. ಅಚ್ಚಗನ್ನಡದ ಒಂದೊಂದು ಪದಕ್ಕೂ ಒಂದು ಸಂಸ್ಕೃತ ಪದ ಕೈಗೆ ಸಿಗುವ ನಮ್ಮ ಭಾಷೆಯಲ್ಲಿ ಈ ಬಗೆಯ ವೇಷಾಂತರ ತೀರ ಸಲೀಸು; ಹಾಗಾಗಿ ನಮಗೆ ಎಚ್ಚರವೂ ಹೆಚ್ಚು ಬೇಕು. ವಿಶ್ವಕೋಶಕ್ಕೆ ಬೇಕಾದದ್ದು ಇಷ್ಟೇ: “ಮಿಂಚುಹುಳುಗಳ ಹೊಟ್ಟೆಯ ಭಾಗದಲ್ಲಿ ಬೆಳಕು ಸೂಸುವ ಅಂಗವಿದೆ. ಸಂಗಾತಿಯನ್ನು ಸೆಳೆಯಲು ಬಳಕೆಯಾಗುವ ಈ ಬೆಳಕಿನಲ್ಲಿ ಶಾಖ ತೀರ ಕಡಿಮೆ.” ಉಪಮೆ ಹೋಯಿತು, ಸಂಗತಿ ಉಳಿಯಿತು.

ಹೀಗೆ ಬರೆಯಲು ಎರಡು ಮೂರು ಆಕರಗಳನ್ನು ಓದಿ, ಅವುಗಳನ್ನು ಮುಚ್ಚಿಟ್ಟು, ನೆನಪಿನಲ್ಲಿ ಉಳಿದದ್ದನ್ನು ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡಲೆಂದೇ ಇರುವ ಪುಟದಲ್ಲಿ, ಬರೆಯಿರಿ. ಬರೆದಾದ ಮೇಲೆ ಆಕರವನ್ನು ಮತ್ತೆ ತೆರೆದು, ಇಸವಿ ಅಂಕಿಗಳು ಸರಿಯಾಗಿವೆಯೇ, ವಾಕ್ಯಗಳ ಜಾಡು ಅಲ್ಲಿಂದ ಬಂದಿಲ್ಲವಷ್ಟೇ ಎಂದು ತಾಳೆ ನೋಡಿ. ಮೂಲದ ಮಾತೇ ಬೇಕೆನಿಸಿದರೆ ಒಂದೆರಡು ಸಾಲನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹೇಳಿದವರ ಹೆಸರು ಕೊಡಿ. ‘ಕೊನೆಗೆ ಉಲ್ಲೇಖ ಕೊಟ್ಟಿದ್ದೇನಲ್ಲ’ ಎಂದು ಇಡೀ ಪ್ಯಾರಾ ನಕಲು ಮಾಡಿದವರು ಹೇಳುವುದುಂಟು. ಉಲ್ಲೇಖವು ಸಂಗತಿ ಎಲ್ಲಿಂದ ಬಂತೆಂದು ತೋರಿಸುತ್ತದೆಯೇ ಹೊರತು ನಕಲಿಗೆ ಅನುಮತಿಯಾಗುವುದಿಲ್ಲ.

ಜಾಲತಾಣದಲ್ಲಿ ಹಕ್ಕುಸ್ವಾಮ್ಯದ ಚಿಹ್ನೆ ಕಾಣದಿದ್ದರೆ ಅದು ಎಲ್ಲರ ಸ್ವತ್ತೆಂದು ಭಾವಿಸಬೇಡಿ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಡಂಬಡಿಕೆಯಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಸಾಮಾನ್ಯವಾಗಿ ಅದು ಲೇಖಕರು ತೀರಿಕೊಂಡ ಬಳಿಕ ಕನಿಷ್ಠ 50 ವರ್ಷ, ಹಲವು ದೇಶಗಳಲ್ಲಿ 70 ವರ್ಷ ಉಳಿಯುತ್ತದೆ. ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂದು ಬಿಟ್ಟುಕೊಟ್ಟ ಬರಹವೂ ವಿಕಿಪೀಡಿಯಕ್ಕೆ ಒಗ್ಗುವುದಿಲ್ಲ. ನೀವೇ ಹಿಂದೆ ಬೇರೆಡೆ ಪ್ರಕಟಿಸಿದ ಲೇಖನವಾದರೆ, ಹಕ್ಕು ಪ್ರಕಾಶಕರಿಗೆ ಹೋಗಿಲ್ಲವೆಂದು ಖಚಿತಪಡಿಸಿಕೊಂಡು, ಪರವಾನಗಿಯನ್ನು ಆ ಪುಟದಲ್ಲಿಯೇ ಘೋಷಿಸಿ ಅಥವಾ ಅನುಮತಿ ಪತ್ರಗಳನ್ನು ನೋಡಿಕೊಳ್ಳುವ ಸ್ವಯಂಸೇವಕರ ತಂಡಕ್ಕೆ ಇಮೇಲ್ ಕಳುಹಿಸಿ. ಇನ್ನೊಂದು ಭಾಷೆಯ ವಿಕಿಪೀಡಿಯದಿಂದ ಅನುವಾದಿಸುವಾಗ ಸಂಪಾದನೆಯ ಸಾರಾಂಶದಲ್ಲಿ (ಮಾಡಿದ ಬದಲಾವಣೆಯನ್ನು ಚುಟುಕಾಗಿ ತಿಳಿಸುವ ಸಾಲಿನಲ್ಲಿ) ಮೂಲ ಪುಟದ ಕೊಂಡಿಯನ್ನು ಕೊಟ್ಟರಾಯಿತು; ಅಲ್ಲಿ ಬರೆದವರ ಋಣ ಹಾಗೆ ಸಲ್ಲುತ್ತದೆ. ಚಿತ್ರದ ಹಕ್ಕು ಸಾಮಾನ್ಯವಾಗಿ ಚಿತ್ರ ತೆಗೆದವರದು, ಚಿತ್ರದಲ್ಲಿರುವವರದಲ್ಲ.

ಈಗ ಎರಡನೆಯ ಪ್ರಶ್ನೆ. ನಿಮ್ಮ ಬಗ್ಗೆ, ಮನೆಯವರ ಬಗ್ಗೆ, ಕೆಲಸ ಕೊಟ್ಟವರ ಬಗ್ಗೆ, ಗ್ರಾಹಕರ ಬಗ್ಗೆ, ಅಷ್ಟೇಕೆ ಪ್ರತಿಸ್ಪರ್ಧಿಯ ಬಗ್ಗೆ ಬರೆಯುವಾಗಲೂ ಹಿತಾಸಕ್ತಿಯ ಸಂಘರ್ಷವಿದೆ. ಹಾಗೆಂದರೆ ನೀವು ಅಪ್ರಾಮಾಣಿಕರೆಂದಲ್ಲ. ಪ್ರೀತಿಯಿರುವಲ್ಲಿ ತೂಕ ತಪ್ಪುತ್ತದೆ, ತಪ್ಪಿದ್ದು ನಮಗೇ ಕಾಣುವುದಿಲ್ಲ. ಹಣ ಪಡೆದು ಬರೆಯುವುದಾದರೆ ವಿಷಯ ಇನ್ನೂ ಸ್ಪಷ್ಟ: ಯಾರು ಹಣ ಕೊಡುತ್ತಿದ್ದಾರೆ, ಯಾರಿಗಾಗಿ ಬರೆಯುತ್ತಿದ್ದೀರಿ, ಬೇರೇನು ನಂಟಿದೆ ಎಂಬುದನ್ನು ನಿಮ್ಮ ಖಾತೆಯ ಸದಸ್ಯ ಪುಟದಲ್ಲಿ, ಲೇಖನದ ಜೊತೆಗಿರುವ ಚರ್ಚೆ ಪುಟದಲ್ಲಿ ಅಥವಾ ಸಂಪಾದನೆಯ ಸಾರಾಂಶದಲ್ಲಿ ತಿಳಿಸಲೇಬೇಕೆಂದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ನಿಯಮಗಳು 2014ರಿಂದ ಹೇಳುತ್ತಿವೆ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೀಗೆ ಮುಚ್ಚಿಟ್ಟು ಹಣಕ್ಕಾಗಿ ಬರೆಯುತ್ತಿದ್ದ ಜಾಲವೊಂದು ಪತ್ತೆಯಾಗಿ 381 ಖಾತೆಗಳನ್ನು ನಿರ್ಬಂಧಿಸಲಾಯಿತು.

ನಂಟಿರುವ ಲೇಖನವನ್ನು ನೇರವಾಗಿ ತಿದ್ದುವ ಬದಲು ಅದರ ಚರ್ಚೆ ಪುಟಕ್ಕೆ ಹೋಗಿ ಹೀಗೆ ಬರೆಯಿರಿ: “ನಾನು ಈ ಸಂಸ್ಥೆಯ ನೌಕರ. ಎರಡನೆಯ ಪ್ಯಾರಾದಲ್ಲಿರುವ ಸ್ಥಾಪನೆಯ ವರ್ಷ ತಪ್ಪಾಗಿದೆ. ಸರಿಯಾದ ವರ್ಷವೂ ಅದನ್ನು ಹೇಳುವ ಪತ್ರಿಕಾ ವರದಿಯ ಕೊಂಡಿಯೂ ಕೆಳಗಿವೆ. ದಯವಿಟ್ಟು ಪರಿಶೀಲಿಸಿ ಬದಲಿಸಿ.” ಏನನ್ನು, ಎಲ್ಲಿ, ಯಾವ ಆಧಾರದಿಂದ ಎಂಬ ಮೂರೂ ಇದರಲ್ಲಿವೆ, ಆಧಾರ ಸಂಸ್ಥೆಯ ಹೊರಗಿನದು. ಕಾಗುಣಿತ ತಿದ್ದುವುದಕ್ಕೆ, ಕಿಡಿಗೇಡಿಗಳು ತುರುಕಿದ ಬೈಗುಳವನ್ನು ತೆಗೆಯುವುದಕ್ಕೆ ಇಷ್ಟೆಲ್ಲ ಬೇಕಿಲ್ಲ. ಆದರೆ ಆಧಾರಸಹಿತವಾಗಿ ದಾಖಲಾದ ಟೀಕೆಯನ್ನು ಸಂಬಂಧಪಟ್ಟವರೇ ಅಳಿಸಬಾರದು, ಅದೆಷ್ಟೇ ನೋವು ತಂದರೂ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಓದಿ ನಿರ್ಧರಿಸುವವರೂ ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು.

ಇಷ್ಟಾದ ಮೇಲೂ ನಿಮ್ಮ ಚರ್ಚೆ ಪುಟಕ್ಕೆ ಎಚ್ಚರಿಕೆ ಬಂದರೆ, ಅಳಿಸಿದ ಪಠ್ಯವನ್ನು ಮತ್ತೆ ಹಾಕಬೇಡಿ. ನಕಲು ಎಂದು ಗುರುತಿಸಿದ ಪಠ್ಯದ ಮೇಲೆಯೇ ಅಲ್ಲಲ್ಲಿ ಪದ ಬದಲಿಸುತ್ತ ಹೋಗುವುದೂ ಪ್ರಯೋಜನವಿಲ್ಲದ ಕೆಲಸ, ಏಕೆಂದರೆ ಹಳೆಯ ಆವೃತ್ತಿಗಳು ‘ಇತಿಹಾಸ’ ಪುಟದಲ್ಲಿ ಉಳಿದಿರುತ್ತವೆ ಮತ್ತು ಅವನ್ನು ಮರೆಮಾಡಲು ನಿರ್ವಾಹಕರೇ ಬರಬೇಕಾಗುತ್ತದೆ. ಯಾವ ವಾಕ್ಯ ಎಲ್ಲಿಂದ ಬಂತೆಂದು ಚರ್ಚೆ ಪುಟದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ, ಪ್ರಯೋಗಪುಟದ ಖಾಲಿ ಹಾಳೆಯಿಂದ ಮತ್ತೆ ಆರಂಭಿಸಿ.