ಗ್ರೇಟ್ ಡೇನ್ ಮರಿಯ ನೆಗೆದಾಟ ನಿಲ್ಲಿಸಿದ್ದು: ನನ್ನ ಅನುಭವ

ನಮ್ಮ ಗ್ರೇಟ್ ಡೇನ್‌ಗೆ ಈಗ ಒಂದೂವರೆ ವರ್ಷ ಆಗುತ್ತಾ ಬಂತು. ತೂಕ 60 ಕಿಲೋ ದಾಟಿದೆ. ಬೆಲ್ ಹೊಡೆದರೆ ಎದ್ದು ಹೋಗಿ ತನ್ನ ಚಾಪೆ ಮೇಲೆ ಮಲಗುತ್ತಾನೆ. ರಸ್ತೆಯಲ್ಲಿ ಇನ್ನೊಂದು ನಾಯಿ ಕಂಡರೆ ಒಮ್ಮೆ ನೋಡಿ, ತಿರುಗಿ ನನ್ನ ಮುಖ ನೋಡುತ್ತಾನೆ. ಹೊಡೆಯದೆ, ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್ ಹಾಕದೆ ಇದೆಲ್ಲ ಆಗಲ್ಲ ಎಂದವರೇ ಜಾಸ್ತಿ. ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕೂರಿಸೋದು, ಕೈ ಕೊಡಿಸೋದು ನಿಮಗೆಲ್ಲ ಗೊತ್ತಿರೋದೇ, ಅದನ್ನು ಬಿಡುತ್ತೇನೆ.

ಮೊದಲು ಕೆಲಸಕ್ಕೆ ಬಾರದ್ದನ್ನು ಹೇಳಿಬಿಡುತ್ತೇನೆ. ದುಡ್ಡು ಹೋಗಿದ್ದೆಲ್ಲ ಅಲ್ಲೇ.

"ಚೆನ್ನಾಗಿ ಓಡಿಸಿ, ದಣಿದರೆ ತಾನೇ ಸುಮ್ಮನಾಗ್ತಾನೆ" ಅಂತ ಎಲ್ಲರೂ ಹೇಳಿದರು. ಚೆಂಡು ಎಸೆದು ಎಸೆದು ನನ್ನ ಭುಜ ನೋವು ಬಂತು, ಅವನಿಗೆ ಓಡುವ ತಾಕತ್ತು ಹೆಚ್ಚಾಯಿತು. ಸಂಜೆಯಾದರೆ ಪ್ಯಾಂಟಿಗೆ ಬಾಯಿ ಹಾಕಿ ಮನೆ ತುಂಬ ಎಳೆದಾಡುತ್ತಿದ್ದ. ದೊಡ್ಡ ತಳಿಗಳ ಮೂಳೆ ಬೆಳೆದು ಗಟ್ಟಿಯಾಗಲು ಒಂದೂವರೆ ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಚೆಂಡಿನ ಹಿಂದೆ ಓಡಿ ಗಕ್ಕನೆ ತಿರುಗೋದು, ಮೆಟ್ಟಿಲು ಹಾರೋದು ಕೀಲಿಗೂ ಒಳ್ಳೇದಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಬೇಕಿದ್ದದ್ದು ನಿದ್ದೆ. ಸಣ್ಣ ಮರಿ ದಿನಕ್ಕೆ 18 ಗಂಟೆಯಷ್ಟು ಮಲಗಬೇಕು. ಒಂದು ಗಂಟೆ ಎಚ್ಚರ ಇದ್ದರೆ ಆಮೇಲೆ ಕ್ರೇಟಿನಲ್ಲಿ (ನಾಯಿ ಮಲಗುವ ಗೂಡು) ಬಿಟ್ಟು, ಮೇಲೆ ಬಟ್ಟೆ ಹೊದಿಸಿ ಮಲಗಿಸತೊಡಗಿದೆ. ಸಂಜೆಯ ಗಲಾಟೆ ಅಷ್ಟಕ್ಕೇ ಅರ್ಧ ಇಳಿಯಿತು.

ಸಾಮಾನಿನ ಕಥೆ ಬೇರೆ. ಮೂತಿಗೆ ಕಟ್ಟುವ ಪಟ್ಟಿ, ಹೆಡ್ ಹಾಲ್ಟರ್, ಹಾಕಿದರೆ ನೆಲಕ್ಕೆ ಮೂತಿ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು. ಬೆನ್ನಿನ ಮೇಲೆ ಕೊಂಡಿ ಇರುವ ಹಾರ್ನೆಸ್ (ಮೈಗೆ ಹಾಕುವ ಪಟ್ಟಿ) ಹಾಕಿದರೆ ಗಾಡಿ ಎಳೆಯೋ ಎತ್ತಿನ ಹಾಗೆ ಎಳೆದ. ಪರಿಚಯದವರೊಬ್ಬರು ಪುಕ್ಕಟೆ ಕೊಟ್ಟ ಚೋಕ್ ಚೈನ್ ಎಲ್ಲಕ್ಕಿಂತ ಕೆಟ್ಟದ್ದು. ನಾಯಿ ಕಂಡು ಎಳೆದಾಗಲೆಲ್ಲ ಕುತ್ತಿಗೆ ಬಿಗಿಯುತ್ತೆ, ಅಲ್ವಾ? ಮರಿ ಆ ನೋವನ್ನು ಎದುರಿನ ನಾಯಿಗೇ ಜೋಡಿಸಿಕೊಳ್ಳುತ್ತೆ. ಆಡೋಕೆ ಅಂತ ಎಳೆಯುತ್ತಿದ್ದವನು ಕೆಲವೇ ದಿನಗಳಲ್ಲಿ ಬೊಗಳೋಕೆ ಶುರು ಮಾಡಿದ. ಅವತ್ತೇ ತೆಗೆದು ಬಿಸಾಕಿದೆ. ಕೊನೆಗೆ ನಿಂತದ್ದು ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್. ಡೇನ್ ಬೆಳೆಯೋ ವೇಗಕ್ಕೆ ಅದನ್ನೂ ಎರಡು ಮೂರು ಅಳತೆಯಲ್ಲಿ ಕೊಂಡೆ. ಒಬ್ಬ ಟ್ರೇನರ್‌ಗೆ ಪೂರ್ತಿ ಪ್ಯಾಕೇಜಿನ ದುಡ್ಡು ಮುಂಗಡ ಕೊಟ್ಟಿದ್ದೆ. ಹಾರಿದರೆ ಎದೆಗೆ ಮೊಣಕಾಲು ಕೊಡಿ ಅನ್ನೋದೊಂದೇ ಅವರ ಪಾಠ. ಮರಿ ಅದನ್ನು ಆಟ ಅಂದುಕೊಂಡು ಇನ್ನೂ ಜೋರಾಗಿ ಹಾರಿತು. ನಾಲ್ಕೈದು ಸಲ ಬಂದು ಅವರು ನಿಲ್ಲಿಸಿದರು, ದುಡ್ಡು ವಾಪಸ್ ಬರಲಿಲ್ಲ. ಎಲ್ಲ ಸೇರಿಸಿದರೆ ಅವನ ಮೂರು ತಿಂಗಳ ಊಟದ ಖರ್ಚಿಗಿಂತ ಜಾಸ್ತಿಯೇ ಆಗಿರಬೇಕು.

ಈಗ ಕೆಲಸ ಮಾಡಿದ್ದು. ಮರಿ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಹೆಚ್ಚು ಕಡಿಮೆ 3ರಿಂದ 14 ವಾರದವರೆಗೆ. ರೋಗ ತಡೆಯುವ ಇಂಜೆಕ್ಷನ್‌ಗಳ ಸರಣಿ ಮುಗಿಯೋದು 16 ವಾರದ ಹೊತ್ತಿಗೆ. ಎಲ್ಲ ಮುಗಿಸಿ ಹೊರಗೆ ತರ್ತೀನಿ ಅಂದರೆ ಬಾಗಿಲು ಮುಚ್ಚಿರುತ್ತೆ. ಮೊದಲ ಇಂಜೆಕ್ಷನ್ ಆಗಿ ವಾರದ ಮೇಲೆ ಎಚ್ಚರಿಕೆಯಿಂದ ಶುರು ಮಾಡಬಹುದು ಅಂತ ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘವೇ (AVSAB) 2008ರಲ್ಲಿ ಹೇಳಿದೆ. ನಾನು ಹಾಗೇ ಮಾಡಿದೆ. ಮರಿಗಳ ಜೀವ ತೆಗೆಯುವ ಪಾರ್ವೊ ಸೋಂಕಿನ ಭಯಕ್ಕೆ ನೆಲಕ್ಕೆ ಇಳಿಸಲಿಲ್ಲ. ಮೊದಲು ಎತ್ತಿಕೊಂಡು, ತೂಕ ಏರಿದ ಮೇಲೆ ಕಾರಿನ ಡಿಕ್ಕಿ ತೆಗೆದು ಅಲ್ಲೇ ಕೂರಿಸಿಕೊಂಡು ಲಾರಿ, ಹೆಲ್ಮೆಟ್, ಛತ್ರಿ, ಓಡುವ ಮಕ್ಕಳು, ಎಲ್ಲ ತೋರಿಸಿದೆ.

ಇಲ್ಲೊಂದು ಮುಖ್ಯ ವಿಷಯ. ಸೋಷಲೈಸ್ ಮಾಡೋದು, ಅಂದರೆ ಹೊರಗಿನ ಲೋಕಕ್ಕೆ ರೂಢಿ ಮಾಡಿಸೋದು, ಅಂದರೆ ಎಲ್ಲರ ಕೈಲೂ ಮುದ್ದು ಮಾಡಿಸೋದು ಅಲ್ಲ. ಪುಕ್ಕಲು ಮರಿಗೆ ಜನರ ಒಡನಾಟ ಬೇಕು, ನಿಜ. ನಮ್ಮವನಿಗೆ ಜನ ಕಂಡರೇ ಹಬ್ಬ. ಎಲ್ಲ ಜನರೂ ತನಗಾಗಿ ಬಂದವರಲ್ಲ ಅಂತ ಅವನು ಕಲಿಯಬೇಕಿತ್ತು. ಹತ್ತು ಜನರನ್ನು ತೋರಿಸಿದರೆ ಒಬ್ಬರ ಹತ್ತಿರ ಬಿಡುತ್ತಿದ್ದೆ, ಅಷ್ಟೇ. ಮುಟ್ಟಲು ಬಿಡಲ್ಲ ಅಂತ ಕೆಲವರು ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ.

ಆಮೇಲೆ ದೂರದ ಲೆಕ್ಕ. ಇನ್ನೊಂದು ನಾಯಿ 40 ಮೀಟರ್ ಆಚೆ ಇದ್ದಾಗ ಕೈಯಿಂದ ತಿನ್ನುತ್ತಿದ್ದ, 20ಕ್ಕೆ ಬಂದರೆ ಬೇಯಿಸಿದ ಚಿಕನ್ ಕೊಟ್ಟರೂ ಮೂಸುತ್ತಿರಲಿಲ್ಲ. ತಿನ್ನೋದು ನಿಲ್ಲಿಸಿದ ಅಂದರೆ ತೀರಾ ಹತ್ತಿರ ಬಂದಿದ್ದೇವೆ ಅಂತ ಲೆಕ್ಕ, ಹಿಂದೆ ಹೋಗಬೇಕು. ಅವನು ನಾಯಿಯನ್ನು ನೋಡಿದ ತಕ್ಷಣ "ಹೂಂ" ಅನ್ನೋದು, ಒಂದು ಚೂರು ಕೊಡೋದು. ಐದು ಮೀಟರ್‌ಗೆ ಬರೋಕೆ ಸುಮಾರು ಮೂರು ತಿಂಗಳು ಹಿಡಿಯಿತು.

ಜನ ತಲೆ ಚಚ್ಚಿಕೊಂಡದ್ದು ಮಾತ್ರ ಮನೆಯೊಳಗಿನ ಪದ್ಧತಿಗೆ. ಬಟ್ಟಲಿನ ಊಟ ನಿಲ್ಲಿಸಿ, ದಿನದ ಕಿಬಲ್ (ಕಾಳಿನಂಥ ಒಣ ಊಟ) ಎಲ್ಲ ಸೊಂಟದ ಚೀಲಕ್ಕೆ ಹಾಕಿಕೊಂಡೆ. ಅವನು ತಾನಾಗೇ ಮಲಗಿ ಉಸಿರು ಬಿಟ್ಟಾಗ, ಮಾತಾಡದೆ ಹೋಗಿ ಮುಂಗಾಲುಗಳ ನಡುವೆ ಎರಡು ಕಾಳು ಇಟ್ಟು ಬರುತ್ತಿದ್ದೆ. ಯಾವ ಆಜ್ಞೆಯೂ ಇಲ್ಲ, ಶಹಬ್ಬಾಸ್ ಅನ್ನೋದೂ ಇಲ್ಲ. ಹೊಗಳಿದರೆ ಎದ್ದುಬಿಡುತ್ತಾನೆ. "ಸುಮ್ನೆ ಮಲಗಿದ್ದಕ್ಕೂ ಕೂಲಿನಾ?" ಅಂತ ಕೇಳಿದರು. ಹೌದು, ಅದಕ್ಕೇ ಕೂಲಿ. ಎರಡು ವಾರ ಕಳೆಯೋದರಲ್ಲಿ ಅಡುಗೆಮನೆ ಬಾಗಿಲಲ್ಲಿ ಅವನೇ ಬಂದು ಮಲಗತೊಡಗಿದ.

ಹಾರೋದನ್ನು ನಿಲ್ಲಿಸೋಕೆ, ಲೀಶನ್ನು (ನಾಯಿ ಹಿಡಿಯುವ ಹಗ್ಗ) ಕಾಲಡಿ ಒತ್ತಿ ಹಿಡಿದು, ನಾಲ್ಕೂ ಪಾದ ನೆಲದಲ್ಲಿದ್ದಾಗ ಮಾತ್ರ ಬಂದವರು ಮಾತಾಡಿಸಬೇಕು ಅಂತ ನಿಯಮ ಮಾಡಿದೆ. ಮೊದಲ ಕೆಲವು ದಿನ ಹಾರಾಟ ಇಳಿಯೋ ಬದಲು ಏರುತ್ತೆ. ಹಳೇ ದಾರಿ ಕೆಲಸ ಮಾಡಲಿಲ್ಲ ಅಂತ ಇನ್ನೂ ಜೋರಾಗಿ ಹಾರಿ ನೋಡುತ್ತಾನೆ. ಬಹಳ ಜನ ಕೈ ಬಿಡೋದು ಅಲ್ಲೇ. ಮನೆಯಲ್ಲಿ ಒಬ್ಬರು "ಪಾಪ, ಹಾರಲಿ ಬಿಡಿ" ಅಂದರೂ ಇಡೀ ವಾರದ ಕೆಲಸ ನೀರಲ್ಲಿ ಹೋಯಿತು ಅಂತಲೇ.

ನಡುವೆ ಸಣ್ಣಪುಟ್ಟ ಪ್ರಯೋಗ ಮಾಡಿದೆ. ಹುಲ್ಲಿನಲ್ಲಿ ಕಿಬಲ್ ಚೆಲ್ಲಿ ಹದಿನೈದು ನಿಮಿಷ ಮೂಸಿ ಹುಡುಕಿಸಿದರೆ, ಮುಕ್ಕಾಲು ಗಂಟೆ ನಡೆಸಿದ್ದಕ್ಕಿಂತ ಚೆನ್ನಾಗಿ ನಿದ್ದೆ ಹೋದ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುವಾಗ ರಬ್ಬರ್ ಆಟಿಕೆಯಲ್ಲಿ ಊಟ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಟ್ಟೆ, ಸೋಫಾ ಉಳಿಯಿತು. ಪಟಾಕಿ ಸದ್ದನ್ನು ಫೋನಿನಲ್ಲಿ ತೀರಾ ಸಣ್ಣಗೆ ಹಾಕಿ ಊಟ ಕೊಟ್ಟು, ಸ್ವಲ್ಪ ಸ್ವಲ್ಪವೇ ಏರಿಸಿದ್ದೂ ಫಲ ಕೊಟ್ಟಿತು. ಬೆಲ್ ಸದ್ದನ್ನೂ ಚಾಪೆಯನ್ನೂ ಹೇಗೆ ಜೋಡಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಲ್ಲ. ಅದನ್ನು ಕಣ್ಣಾರೆ ನೋಡಿಯೇ ಕಲಿಯಬೇಕು.

ಎಂಟೊಂಬತ್ತು ತಿಂಗಳಿಗೆ ಹರೆಯ ಬಂದಾಗ ಕಲಿತದ್ದೆಲ್ಲ ಮರೆತವನ ಹಾಗೆ ಆಡಿದ. "ನೋಡಿದ್ಯಾ, ಆಗ್ಲೇ ಹೇಳಿರ್ಲಿಲ್ವಾ" ಅಂದರು. ನಾನು ಸುಮ್ಮನೆ 30 ಮೀಟರ್‌ಗೆ ವಾಪಸ್ ಹೋಗಿ, ಕಿಬಲ್ ಬದಲು ಚಿಕನ್ ಹಿಡಿದು ಮತ್ತೆ ಅದೇ ಕೆಲಸ ಮಾಡಿದೆ. ಈ ಸಲ ಅರ್ಧ ಸಮಯದಲ್ಲೇ ದಾರಿಗೆ ಬಂದ. ಬೆಕ್ಕು ಕಂಡರೆ ಮಾತ್ರ ಇನ್ನೂ 15 ಮೀಟರ್ ಬೇಕು, ಅದರ ಮೇಲೆ ಕೆಲಸ ನಡೀತಿದೆ.