‘ಅನ್ನು’ ಹಿಡಿದು ನೌನ್ ಫ್ರೇಸ್ ಕಲಿಸಿದ್ದು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆ ಜಗಲಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಾ ಹನ್ನೊಂದು ವರ್ಷ ಆಯಿತು. ಎಲ್ಲರೂ ಕನ್ನಡ ಮೀಡಿಯಂ ಮಕ್ಕಳು. ಟೆನ್ಸ್, ವಾಯ್ಸ್ ಹೇಗೋ ದಾಟುತ್ತಿದ್ದೆವು. ನೌನ್ ಫ್ರೇಸ್‌ಗೆ, ಅಂದರೆ ಒಂದು ನಾಮಪದ ಮತ್ತು ಅದನ್ನು ವಿವರಿಸುವ ಪದಗಳ ಕಂತೆಗೆ, ಬಂದರೆ ಗಾಡಿ ನಿಂತೇ ಬಿಡುತ್ತಿತ್ತು. ‘ಗೋಡೌನಿನಲ್ಲಿರುವ ಅಕ್ಕಿ ಚೀಲಗಳು’ ಅಂದರೆ ‘ಗೋಡೌನ್ ಇನ್ ರೈಸ್ ಬ್ಯಾಗ್ಸ್’ ಅಂತ ಬರೆಯುವವರೇ ಜಾಸ್ತಿ.

ದುಡ್ಡು ಸುರಿದೆ. ಶಿವಮೊಗ್ಗದಲ್ಲಿ ಬಣ್ಣದ ಕಾರ್ಡು ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದಕ್ಕೆ ಸುಮಾರು 1,800 ರೂಪಾಯಿ. ಆಷಾಢದ ಮಳೆಗೆ ಅಂಚು ಬಿಟ್ಟುಕೊಂಡು ಒಳಗೆಲ್ಲ ಬೂಷ್ಟು ಹಿಡಿಯಿತು. ಮರುವರ್ಷ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ, ಆರೂವರೆ ಸಾವಿರ. ಮಳೆಗಾಲದ ಸಂಜೆ ನಮ್ಮಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ನಾಲ್ಕು ಸಲ ಹಚ್ಚಿರಬಹುದು, ಅಷ್ಟೇ.

ದಾರಿ ತೋರಿಸಿದ್ದು ಒಬ್ಬ ಹುಡುಗಿ. ‘ಆ ಎರಡು ದೊಡ್ಡ ಕೆಂಪು ಕೊಡೆಗಳನ್ನು ನೋಡಿದೆ’ ಅಂತ ಬೋರ್ಡಿನ ಮೇಲೆ ಬರೆದಿದ್ದೆ. ಅವಳು ಎದ್ದು, “ಟೀಚರ್, ಅನ್ನು ಅನ್ನೋದು ಕೊಡೆಗೆ ಮಾತ್ರ ಯಾಕೆ ಅಂಟತ್ತೆ? ಕೆಂಪನ್ನು, ದೊಡ್ಡದನ್ನು ಅಂತ ಯಾಕಿಲ್ಲ?” ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಿಭಕ್ತಿ ಪ್ರತ್ಯಯ ಈ ಮಕ್ಕಳಿಗೆ ಬಾಯಿಪಾಠ. ಇಡೀ ಕಂತೆಯಲ್ಲಿ ಪ್ರತ್ಯಯ ಹಿಡಿಯುವ ಪದವೇ ಹೆಡ್ ನೌನ್, ಅಂದರೆ ಕಂತೆಯ ಮುಖ್ಯ ನಾಮಪದ. ಅದನ್ನು ಹುಡುಕುವುದು ಅವರಿಗೆ ಆಗಲೇ ಗೊತ್ತಿತ್ತು! ನಾನು ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಅಟ್ಟದಿಂದ ಹಳೇ ಸ್ಲೇಟು ಇಳಿಸಿದೆ. ಹನ್ನೆರಡು ಸಿಕ್ಕವು. ಬಳಪಕ್ಕೆ ಇಪ್ಪತ್ತು ರೂಪಾಯಿ. ಸ್ಲೇಟಿಗೆ ಬೂಷ್ಟು ಬರುವುದಿಲ್ಲ. ಒಬ್ಬೊಬ್ಬರ ಕೈಗೆ ಒಂದೊಂದು ಪದ. ಹೆಡ್ ನೌನ್ ಹಿಡಿದವರು ಜಗಲಿಯ ಕಂಬಕ್ಕೆ ಒರಗಿ ನಿಲ್ಲಬೇಕು. ಕನ್ನಡದಲ್ಲಿ ಉಳಿದವರೆಲ್ಲ ಕಂಬದ ಎಡಕ್ಕೆ. ಇಂಗ್ಲಿಷ್ ಅಂದ ಕೂಡಲೇ ಬಿಡಿ ಪದದವರು ಎಡಕ್ಕೇ ಇರಬೇಕು, ‘ಇನ್’, ‘ಆಫ್’, ‘ಹೂ’ (who) ಇವನ್ನು ಕಟ್ಟಿಕೊಂಡ ಗುಂಪು ಮಾತ್ರ ಬಲಕ್ಕೆ ಓಡಬೇಕು. ಓಡುವಾಗ ‘ಗೋಡೌನಿನಲ್ಲಿ’ಯ ಬಾಲವಾಗಿದ್ದ ‘ಅಲ್ಲಿ’ ಮುಂದೆ ಬಂದು ‘ಇನ್’ ಆಗಿ ಕಂಬದ ಪಕ್ಕ ನಿಲ್ಲುತ್ತದೆ. ‘ರೈಸ್ ಬ್ಯಾಗ್ಸ್ ಇನ್ ದಿ ಗೋಡೌನ್’. ಕಾಲಲ್ಲಿ ಓಡಿ ಕಲಿತದ್ದು ಮರೆಯುವುದಿಲ್ಲ.

ಎಡತುದಿಯಲ್ಲಿ ಒಂದೇ ಒಂದು ಮಣೆ ಇಟ್ಟೆ. ದಿ, ಮೈ, ದಿಸ್ ಇವರಲ್ಲಿ ಒಬ್ಬರಿಗೇ ಜಾಗ. ‘ದಿ ಮೈ ಬುಕ್’ ಎಂಬ ತಪ್ಪು ಎರಡೇ ವಾರದಲ್ಲಿ ಹೋಯಿತು.

ಸಿಕ್ಕಿಬಿದ್ದದ್ದೂ ಉಂಟು. ‘ಮನೆಯನ್ನು ಕಟ್ಟಿದ ಮೇಸ್ತ್ರಿಯನ್ನು ನೋಡಿದೆ’. ಇಲ್ಲಿ ಎರಡು ‘ಅನ್ನು’! ಇಬ್ಬರು ಮಕ್ಕಳು ಕಂಬಕ್ಕೆ ಜಗಳ ಆಡಿದರು. ಕೊನೆಯ ‘ಅನ್ನು’ ಮಾತ್ರ ಲೆಕ್ಕ, ಮೊದಲಿನದು ‘ಕಟ್ಟಿದ’ಕ್ಕೆ ಸೇರಿದ್ದು ಅಂತ ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ‘ಹೂ’ ಸ್ಲೇಟನ್ನು ಯಾರ ಕೈಗೆ, ಯಾವಾಗ ಕೊಡಬೇಕು ಅನ್ನುವುದರಲ್ಲಿ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

“ಕನ್ನಡ ತಂದು ಇಂಗ್ಲಿಷ್ ಕೆಡಿಸ್ತೀರಿ ಮೇಡಂ” ಅಂತ ಹಿರಿಯ ಮೇಷ್ಟ್ರೊಬ್ಬರು ಎದುರಿಗೇ ಹೇಳಿದ್ದರು. ಮೊದಲು ಹದಿನಾಲ್ಕು ಮಕ್ಕಳಲ್ಲಿ ಮೂರ್ನಾಲ್ಕು ಜನ ಸರಿ ಬರೆಯುತ್ತಿದ್ದರು. ಹೋದ ವರ್ಷ ಹನ್ನೊಂದು ಜನ ಬರೆದರು. ‘ದಿ ಬ್ಯಾಗ್ಸ್ ಇನ್ ದಿ ಗೋಡೌನ್’ ಆದಮೇಲೆ ‘ಆರ್’ ಬದಲು ‘ಈಸ್’ ಹಾಕುವುದೂ ನಿಂತಿತು. ಗೋಡೌನ್ ಪಕ್ಕದಲ್ಲಿದ್ದರೇನು, ಕ್ರಿಯಾಪದ ಕಂಬವನ್ನೇ ಕೇಳಬೇಕು ಅಲ್ವಾ? ಆ ಮೇಷ್ಟ್ರು ಈಗ ಸುಮ್ಮನಿದ್ದಾರೆ.

ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ‘ರೇಸ್ ಹಾರ್ಸ್’ ಕುದುರೆ, ‘ಹಾರ್ಸ್ ರೇಸ್’ ಓಟ. ನಾಮಪದಗಳು ಹೀಗೆ ಬೆನ್ನಿಗೆ ಬೆನ್ನು ಹಚ್ಚಿ ನಿಂತರೆ ಇಂಗ್ಲಿಷಿನಲ್ಲೂ ಕೊನೆಯದೇ ಹೆಡ್, ನಮ್ಮ ಅಡಿಕೆ ತೋಟ, ತೋಟದ ಅಡಿಕೆ ಇದ್ದ ಹಾಗೆ. ಇದಕ್ಕೆ ಕಂಬವೂ ಬೇಡ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಮಕ್ಕಳ ಉದಾಹರಣೆಗಳಲ್ಲಿ ಲಾಂಚ್ ಹೋಗಿ ಸೇತುವೆ ಬಂದಿದೆ. ‘ಐ ಸಾ ದಿ ಬಾಯ್ ಆನ್ ದಿ ಬ್ರಿಡ್ಜ್’ ಅಂತ ಒಬ್ಬ ಬರೆದ. ಸೇತುವೆ ಮೇಲಿದ್ದ ಹುಡುಗನನ್ನು ನೋಡಿದ್ದೋ, ಸೇತುವೆ ಮೇಲೆ ಹುಡುಗನನ್ನು ನೋಡಿದ್ದೋ? ಕಂತೆಯ ಬದಲು ‘ಹಿಮ್’ ಹಾಕಿ ನೋಡಿ ಅಂದೆ. ‘ಐ ಸಾ ಹಿಮ್’ ಅಷ್ಟೇ ಆದರೆ ಸೇತುವೆಯೂ ಕಂತೆಯೊಳಗೆ. ‘ಐ ಸಾ ಹಿಮ್ ಆನ್ ದಿ ಬ್ರಿಡ್ಜ್’ ಆದರೆ ಸೇತುವೆ ಹೊರಗೆ. ಎರಡೂ ಸರಿ ಅಂದಾಗ ಜಗಲಿ ತುಂಬ ಗಲಾಟೆ. ಆ ಗಲಾಟೆಯಲ್ಲಿ ಎರಡು ಸ್ಲೇಟು ಒಡೆದವು. ಈಗ ಹತ್ತೇ ಉಳಿದಿವೆ. ಯಾರ ಮನೆ ಅಟ್ಟದಲ್ಲಾದರೂ ಹಳೇ ಸ್ಲೇಟು ಇದ್ದರೆ ಹೇಳಿ, ಬಂದು ತೆಗೆದುಕೊಂಡು ಹೋಗುತ್ತೇನೆ.